ಔಷಧ ಭಂಡಾರದಿಂದ ವಿದ್ಯಾಮಂದಿರಕ್ಕೆ



ನಮ್ಮ ಸಮಾಜದಲ್ಲಿ ‘ಭಂಡಾರಿ’ ಎಂಬ ಮಾತಿಗಿರುವ ಗೌರವ ಸಾಮಾನ್ಯವಾದುದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರದ ಹೊನ್ನು ಜಂಗಮರ ಪಾಲಾಗುತ್ತಿದೆಯೆಂದು ಅಸೂಯಾಪರರು ಅರಸನಲ್ಲಿ ದೂರಿದಾಗ, ತರಿಸಿ ಎಣಿಸಿ ನೋಡಿದರೆ ಒಂದು ಹಾಗವೂ ಕಡಮೆಯಾಗಿರಲಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ. ಅದೇ ಭಂಡಾರಿಯೇ ಅನುಭವಮಂಟಪದ ಮೂಲಕ ಮಡಿವಾಳರಿಗೂ ಅಂಬಿಗರಿಗೂ ಅಕ್ಕಂದಿರಿಗೂ ಅರಿವಿನ ಬಾಗಿಲನ್ನು ತೆರೆದರು. ಭಂಡಾರದ ಲೆಕ್ಕವನ್ನು ಶುದ್ಧವಾಗಿಡುವುದು ಒಂದು ಕಾಯಕ. ಅರಿವನ್ನು ಹಂಚುವುದು ಒಂದು ದಾಸೋಹ. ಇವೆರಡೂ ಒಂದೇ ಬಾಳಿನಲ್ಲಿ ಕೂಡಿಬರುವುದು ಅಪರೂಪ. ಕೂಡಿಬಂದಾಗ ಅದರ ಫಲ ತಲೆಮಾರುಗಳವರೆಗೆ ಉಳಿಯುತ್ತದೆ.

ಈ ಮಾತನ್ನು ಇಂದು ನೆನೆಯುವುದಕ್ಕೆ ಒಂದು ದುಃಖದ ಕಾರಣವಿದೆ. 2024ರ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾದರು. ಕೆಲವೇ ವಾರಗಳಲ್ಲಿ ಐವರು ಬಾಣಂತಿಯರು ತೀರಿಕೊಂಡ ಸುದ್ದಿ ನಾಡನ್ನೆಲ್ಲ ಕಲಕಿತು. ರಕ್ತನಾಳದ ಮೂಲಕ ಕೊಡುವ ದ್ರಾವಣದ ಮೇಲೆ ಸಂಶಯ ಬಂದು, ಸರ್ಕಾರವು ಅದರ ಬಳಕೆಯನ್ನು ತಡೆದು, ತನಿಖೆಗೆ ಆಜ್ಞೆ ಮಾಡಿತು. ದೋಷ ಯಾರದೆಂದು ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಆದರೆ ತಾಯಿಯೊಬ್ಬಳ ಜೀವವು ವೈದ್ಯರ ಕೈಗುಣವನ್ನು ಮಾತ್ರವೇ ಅವಲಂಬಿಸಿಲ್ಲ; ಔಷಧವನ್ನು ಕೊಂಡವರು, ಪರೀಕ್ಷಿಸಿದವರು, ಕೂಡಿಟ್ಟವರು, ಕಳುಹಿಸಿದವರು, ಕೊನೆಗೆ ಮಂಚದ ಬಳಿ ನಿಂತು ಅದನ್ನು ಕೊಟ್ಟವರು, ಇವರೆಲ್ಲರ ಎಚ್ಚರವನ್ನೂ ಅರಿವನ್ನೂ ಅವಲಂಬಿಸಿದೆ ಎಂಬ ಸತ್ಯವನ್ನು ಆ ದಿನಗಳು ನಮಗೆ ಕಠೋರವಾಗಿ ಕಲಿಸಿದವು.

ಓದುಗ ಮಹನೀಯರೇ, ಇದೇ ಸತ್ಯವನ್ನು ಸುಮಾರು ನೂರೈವತ್ತು ವರ್ಷಗಳ ಹಿಂದೆ ಕಂಡುಕೊಂಡ ಒಬ್ಬ ಸೇನಾ ವೈದ್ಯಾಧಿಕಾರಿ ನಮ್ಮ ಬಳ್ಳಾರಿ ಸೀಮೆಯಲ್ಲಿಯೇ ಎರಡು ಬಾರಿ ಸೇವೆ ಸಲ್ಲಿಸಿದ್ದರು. ಅವರು ಪರದೇಶದವರು, ಪರಧರ್ಮದವರು, ನಮ್ಮನ್ನಾಳಿದ ಸರ್ಕಾರದ ಸೇವಕರು. ಆದರೂ ಅವರ ಬಾಳಿನ ಪಥವನ್ನು ನಾವು ತಿಳಿಯಬೇಕಾಗಿದೆ. ಅವರ ಹೆಸರು ಎಡ್ವರ್ಡ್ ಗ್ರೀನ್ ಬಾಲ್ಫರ್.

ದಂಡಿನ ವೈದ್ಯ

ಬಾಲ್ಫರರು ಹುಟ್ಟಿದುದು 1813ರ ಸೆಪ್ಟೆಂಬರ್ 6ರಂದು, ಸ್ಕಾಟ್ಲೆಂಡಿನ ಮಾಂಟ್ರೋಸ್ ಎಂಬ ಪಟ್ಟಣದಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನರು. ಎಡಿನ್‌ಬರೋದಲ್ಲಿ ಶಸ್ತ್ರವೈದ್ಯವನ್ನು ಕಲಿತು, 1834ರಲ್ಲಿ ಭಾರತಕ್ಕೆ ಬಂದು, ಮದರಾಸು ಸೇನೆಯ ವೈದ್ಯ ವಿಭಾಗವನ್ನು ಸೇರಿದರು. ಹಿಂದೂಸ್ತಾನಿಯನ್ನೂ ಪಾರಸಿಯನ್ನೂ ಶ್ರದ್ಧೆಯಿಂದ ಕಲಿತು, ಸಿಪಾಯಿಗಳೊಡನೆ ಅವರ ಮಾತಿನಲ್ಲಿಯೇ ವ್ಯವಹರಿಸಬಲ್ಲವರಾದರು. ಈ ಭಾಷಾಜ್ಞಾನವೇ ಮುಂದೆ ಅವರ ಬಾಳಿಗೆ ಹೊಸ ತಿರುವನ್ನು ಕೊಟ್ಟಿತೆಂದು ಹೇಳಬಹುದು.

ಆ ಕಾಲದ ಸೇನಾ ವೈದ್ಯನ ಕೆಲಸವೆಂದರೆ ಗಾಯಕ್ಕೆ ಪಟ್ಟಿ ಕಟ್ಟುವುದಷ್ಟೇ ಎಂದು ತಾವು ಭಾವಿಸಬಾರದು. ಪಡೆಯು ಒಂದು ಊರಿನಿಂದ ಇನ್ನೊಂದು ಊರಿಗೆ ಹೊರಟರೆ, ರೋಗಿಗಳನ್ನು ಹೊರುವ ಡೋಲಿಗಳು, ಡೋಲಿ ಹೊರುವ ಬೋಯಿಗಳು, ಔಷಧದ ಪೆಟ್ಟಿಗೆಗಳು, ಗಾಯಕ್ಕೆ ಕಟ್ಟುವ ಬಟ್ಟೆ, ರೋಗಿಯ ಪಥ್ಯದ ಅಕ್ಕಿ, ಕುಡಿಯುವ ನೀರು, ಇವೆಲ್ಲವೂ ಜೊತೆಯಲ್ಲಿ ಹೊರಡಬೇಕಾಗಿತ್ತು. ಆಸ್ಪತ್ರೆಗೆ ಬೇಕಾದ ಮದ್ದುಗಳಿಗಾಗಿ ಮುಂಚಿತವಾಗಿ ಪಟ್ಟಿ ಮಾಡಿ ಇಂಡೆಂಟ್ ಕಳುಹಿಸಬೇಕಾಗಿತ್ತು. ಕಂಪನಿಗೆ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಔಷಧ ಭಂಡಾರಗಳಿದ್ದವು. ವಿಲಾಯತಿ ಔಷಧಗಳು ಹಡಗಿನಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ಒಳನಾಡಿನ ದಂಡುಗಳಿಗೆ ಹೋಗುತ್ತಿದ್ದವು. ಹರಳೆಣ್ಣೆಯಂತಹ ಕೆಲವು ಪದಾರ್ಥಗಳನ್ನು ಪೇಟೆಯಲ್ಲಿಯೇ ಕೊಳ್ಳುತ್ತಿದ್ದರು. ಎಷ್ಟು ಬಂತು, ಎಷ್ಟು ವೆಚ್ಚವಾಯಿತು, ಎಷ್ಟು ಕೆಟ್ಟುಹೋಯಿತು, ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ಸತ್ತರು ಎಂಬುದಕ್ಕೆಲ್ಲ ಲೆಕ್ಕ ಒಪ್ಪಿಸಬೇಕಾಗಿತ್ತು.

ಬಾಲ್ಫರರಿಗೆ ಈ ಲೆಕ್ಕವೇ ಒಂದು ವಿದ್ಯೆಯಾಯಿತು. ದಂಡುಗಳಿಗೆ ಆರೋಗ್ಯಕರವಾದ ಸ್ಥಳಗಳನ್ನು ಆರಿಸುವುದರಿಂದಲೇ ಸೈನಿಕರ ಆರೋಗ್ಯವನ್ನು ಕಾಪಾಡಬಹುದೆಂದು ಅವರು 1845ರಲ್ಲಿ ಬರೆದರು. 1849ರಲ್ಲಿ ಕಾಲರಾ ರೋಗದ ಅಂಕಿಅಂಶಗಳನ್ನು ಪ್ರಕಟಿಸಿದರು. ಅದರ ಮರುವರ್ಷ, ಮದರಾಸು ಸೇನೆಯ ದೇಶೀಯ ಸಿಪಾಯಿಗಳು ಯಾವ ಯಾವ ಕಾರಣಗಳಿಂದ ಸೇವೆಯಿಂದ ಬಿಡುಗಡೆ ಹೊಂದಿದರೆಂಬುದನ್ನು ಐದು ವರ್ಷಗಳ ದಾಖಲೆಗಳಿಂದ ವಿವರಿಸಿದರು. ಮರಗಳಿಗೂ ಮಳೆಗೂ ನೆಲದ ತೇವಕ್ಕೂ ಇರುವ ಸಂಬಂಧವನ್ನು ಕುರಿತೂ ಅವರು ಲೇಖನ ಬರೆದುದುಂಟು. ಬರಗಾಲವನ್ನು ಬಲ್ಲ ನಮ್ಮ ಸೀಮೆಯವರಿಗೆ ಅದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ರೋಗ ಬಂದ ಮೇಲೆ ಮದ್ದನ್ನು ಹುಡುಕುವುದಕ್ಕಿಂತ, ರೋಗ ಬರುವ ಕಾರಣವನ್ನು ಎಣಿಕೆಯಿಂದ ಕಂಡುಹಿಡಿದು ತಡೆಯುವುದು ಲೇಸು ಎಂಬುದು ಅವರ ಈ ಬರಹಗಳಲ್ಲಿ ಕಾಣುವ ನಿಲುವು.

ಬಳ್ಳಾರಿಯ ದಂಡು

1862ರಲ್ಲಿ ಬಾಲ್ಫರರು ಮದರಾಸು ಸೇನೆಯ ವೈದ್ಯ ಇಲಾಖೆಯ ಆಡಳಿತ ವರ್ಗಕ್ಕೆ ಸೇರಿದರು. ಅಂದಿನಿಂದ ಅವರ ಕೆಲಸ ಒಂದು ಆಸ್ಪತ್ರೆಯದಲ್ಲ, ಒಂದೊಂದು ಸೇನಾ ವಿಭಾಗದ ಆಸ್ಪತ್ರೆಗಳೆಲ್ಲದರ ಮೇಲ್ವಿಚಾರಣೆ. ಬರ್ಮಾ, ಮಲಯದ ಕಡೆಯ ವಸಾಹತುಗಳು, ಅಂಡಮಾನ್ ದ್ವೀಪಗಳು, ಎರಡು ಬಾರಿ ಮೈಸೂರು ವಿಭಾಗ ಮತ್ತು ಎರಡು ಬಾರಿ ದತ್ತಮಂಡಲ, ಹೀಗೆ ಅವರ ಸೇವೆ ಸಾಗಿತು. ದತ್ತಮಂಡಲವೆಂದರೆ 1800ರಲ್ಲಿ ಹೈದರಾಬಾದಿನ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಪ್ರಾಂತ. ಅದರ ದೊಡ್ಡ ದಂಡು ಇದ್ದುದು ನಮ್ಮ ಬಳ್ಳಾರಿಯಲ್ಲಿ. ಗುಡ್ಡದ ಮೇಲೆ ಕೋಟೆ, ಕೆಳಗೆ ಪಡೆಗಳ ಸಾಲುಮನೆಗಳು, ಪಕ್ಕದಲ್ಲಿ ದಂಡನ್ನು ನಂಬಿ ಬೆಳೆದ ಕೌಲ್ ಬಜಾರು, ಇದು ಆಗಿನ ಚಿತ್ರ.

ಆಗ ಬಳ್ಳಾರಿಗೆ ರೈಲು ಬಂದಿರಲಿಲ್ಲ. ಮದರಾಸಿನ ಭಂಡಾರದಿಂದ ಹೊರಟ ಔಷಧದ ಸೀಸೆಯು ಎತ್ತಿನ ಬಂಡಿಯಲ್ಲಿ ಹಳ್ಳ ಕೊಳ್ಳಗಳನ್ನು ದಾಟಿ, ಬೇಸಗೆಯ ಬಿಸಿಲಿನಲ್ಲಿ ಕಾದು, ಮಳೆಗಾಲದಲ್ಲಿ ಎರೆಭೂಮಿಯ ಕೆಸರಿನಲ್ಲಿ ಸಿಕ್ಕಿ ಇಲ್ಲಿಗೆ ತಲಪಬೇಕಾಗಿತ್ತು. ಇಷ್ಟು ದೂರ ಬಂದ ಮದ್ದು ದಂಡಿನ ಆಸ್ಪತ್ರೆಯ ಬೀರುವನ್ನು ಸೇರುತ್ತಿತ್ತು. ಅಲ್ಲಿಂದ ಆಚೆಗೆ?

ಅಲ್ಲಿಂದ ಆಚೆಗೆ ಬಾದನಹಟ್ಟಿಯಿತ್ತು, ಕುರುಗೋಡಿತ್ತು, ಸಿರುಗುಪ್ಪೆಯಿತ್ತು. ದೊಡ್ಡಬಸವೇಶ್ವರನ ಸನ್ನಿಧಿಗೆ ಹರಕೆ ಹೊತ್ತು ಬರುವ ಸಾವಿರಾರು ಒಕ್ಕಲುಮಕ್ಕಳಿದ್ದರು. ಇಂದು ಬಾದನಹಟ್ಟಿಯ ಸುತ್ತ ಕಾಣುವ ತುಂಗಭದ್ರೆಯ ಕಾಲುವೆಯ ಹಸಿರು ಆಗ ಇರಲಿಲ್ಲ. ಮುಗಿಲನ್ನು ನೋಡಿ ಜೋಳ ಬಿತ್ತುವ ಕಾಲವದು. ಈ ಊರುಗಳ ಹೆಣ್ಣುಮಕ್ಕಳಿಗೆ ಹೆರಿಗೆಯ ಹೊತ್ತಿನಲ್ಲಿ ಗತಿಯೆಂದರೆ ಸೂಲಗಿತ್ತಿಯ ಕೈ ಮತ್ತು ಶಿವನ ದಯೆ. ಕೂಸು ಅಡ್ಡವಾದರೆ, ರಕ್ತ ನಿಲ್ಲದಿದ್ದರೆ, ಬಾಣಂತಿಗೆ ಜ್ವರವೇರಿದರೆ, ಕೆಲವೇ ಹರದಾರಿಯ ದೂರದಲ್ಲಿದ್ದ ದಂಡಿನ ಆಸ್ಪತ್ರೆಯೂ ಅವಳ ಪಾಲಿಗೆ ಸಾಗರದಾಚೆಯದೇ ಆಗಿತ್ತು. ಆ ಆಸ್ಪತ್ರೆ ಸೈನಿಕರದು. ಅಲ್ಲಿಯ ವೈದ್ಯರು ಗಂಡಸರು. ಅವರ ಭಾಷೆ ಬೇರೆ. ಪರಪುರುಷನ ಮುಂದೆ ಹೆರಿಗೆಯ ನೋವನ್ನು ಹೇಳಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಇರಲಿಲ್ಲ.

ಭಂಡಾರದಲ್ಲಿ ಮದ್ದಿದೆ, ಮನೆಯಲ್ಲಿ ರೋಗಿಯಿದ್ದಾಳೆ, ನಡುವೆ ಸೇತುವೆಯಿಲ್ಲ. ಈ ಸೇತುವೆಯನ್ನು ಇನ್ನಷ್ಟು ಬಂಡಿಗಳಿಂದಾಗಲಿ ಇನ್ನಷ್ಟು ಸೀಸೆಗಳಿಂದಾಗಲಿ ಕಟ್ಟಲಾಗದು, ವಿದ್ಯೆಯಿಂದ ಮಾತ್ರವೇ ಕಟ್ಟಬಹುದು ಎಂಬುದು ಬಾಲ್ಫರರ ಬಾಳಿನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ.

ಕನ್ನಡಕ್ಕೆ ಬಂದ ಪ್ರಸೂತಿ ಗ್ರಂಥ

ಬಾಲ್ಫರರು ಈ ಪಾಠವನ್ನು ಅಧಿಕಾರದ ತುದಿಯೇರಿದ ಮೇಲೆ ಕಲಿತವರಲ್ಲ. ಲಂಡನ್ನಿನ ಪ್ರಸೂತಿ ವೈದ್ಯರಾದ ಜೆ. ಟಿ. ಕಾಂಕ್ವೆಸ್ಟ್ ಎಂಬವರು ಬರೆದಿದ್ದ ಹೆರಿಗೆ ಶಾಸ್ತ್ರದ ಪುಸ್ತಕವನ್ನು ಅವರು ತಾವೇ ಹಿಂದೂಸ್ತಾನಿಗೆ ಅನುವಾದಿಸಿದರು. ಅಷ್ಟಕ್ಕೆ ತೃಪ್ತರಾಗದೆ, ಅದೇ ಪುಸ್ತಕವನ್ನು ತಮಿಳು, ತೆಲುಗು ಮತ್ತು ಕನ್ನಡ ಭಾಷೆಗಳಿಗೆ ಅನುವಾದ ಮಾಡಿಸಿ, ತಮ್ಮ ಸ್ವಂತ ಹಣದಿಂದ ಅಚ್ಚು ಹಾಕಿಸಿದರು.

ಬಂಧುಗಳೇ, ಇದನ್ನು ತುಸು ನಿಂತು ಯೋಚಿಸಿರಿ. ಸೇನೆಯಲ್ಲಿ ಸಂಬಳ ಪಡೆಯುವ ಒಬ್ಬ ವೈದ್ಯನಿಗೆ ಕನ್ನಡದಲ್ಲಿ ಪ್ರಸೂತಿ ಗ್ರಂಥವನ್ನು ಅಚ್ಚು ಹಾಕಿಸುವ ಹಂಗೇನಿತ್ತು? ಸೈನಿಕರಿಗೆ ಹೆರಿಗೆ ಶಾಸ್ತ್ರ ಬೇಕಾಗಿರಲಿಲ್ಲ. ಔಷಧವನ್ನು ಸೀಸೆಯಲ್ಲಿ ಕಳುಹಿಸಬಹುದು; ಅರಿವನ್ನು ಕಳುಹಿಸಬೇಕಾದರೆ ಜನರ ನುಡಿಯಲ್ಲಿಯೇ ಕಳುಹಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಶರಣರು ಶಿವಾನುಭವವನ್ನು ತಿರುಳ್ಗನ್ನಡದ ವಚನಗಳಲ್ಲಿ ಹೇಳಿದುದರ ಮರ್ಮವನ್ನು ಬಲ್ಲ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಶಿವಜ್ಞಾನವಾಗಲಿ ಶರೀರಜ್ಞಾನವಾಗಲಿ, ತಾಯ್ನುಡಿಯಲ್ಲಿ ಬಂದಾಗಲೇ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುತ್ತದೆ.

ಇದರ ಜೊತೆಗೆ ಸಾರ್ವಜನಿಕ ಶಿಕ್ಷಣದ ಬೇರೆ ಬೇರೆ ದಾರಿಗಳನ್ನೂ ಅವರು ತುಳಿದರು. 1851ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಪ್ರಾರಂಭವಾದಾಗ ಅದರ ಮೊದಲ ಅಧಿಕಾರಿಗಳಾದವರು ಬಾಲ್ಫರರೇ. ಓದು ಬರಹ ಬಾರದವರೂ ಬಂದು ಕಣ್ಣಿನಿಂದ ಕಲಿಯುವ ಶಾಲೆಯದು. ಮದರಾಸಿನ ಮುಸಲ್ಮಾನ ಬಂಧುಗಳಿಗಾಗಿ ಒಂದು ಸಾರ್ವಜನಿಕ ಪುಸ್ತಕಾಲಯವು ಹುಟ್ಟುವುದಕ್ಕೂ ಅವರು ಕಾರಣರಾದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪನೆಯಾದುದರ ಹಿಂದೆಯೂ ಅವರ ಪ್ರೇರಣೆಯಿದೆ. 1857ರಲ್ಲಿ ಮೊದಲು ಪ್ರಕಟವಾದ ಅವರ ಭಾರತ ವಿಶ್ವಕೋಶವು ಮೂರು ಬಾರಿ ಮುದ್ರಣ ಕಂಡು, ಮೂರನೆಯದು 1885ರಲ್ಲಿ ಹೊರಬಂದಿತು. ಔಷಧ ಪೆಟ್ಟಿಗೆಗಳ ಪಟ್ಟಿ ಮಾಡುತ್ತಿದ್ದ ಕೈ ಒಂದು ದೇಶದ ಸಸ್ಯ, ಪ್ರಾಣಿ, ಜನ, ಕಸುಬುಗಳ ಪಟ್ಟಿಯನ್ನೇ ಅಕ್ಷರಕ್ರಮದಲ್ಲಿ ಜೋಡಿಸಿತು.

ಅರವತ್ತು ಹೆಣ್ಣುಮಕ್ಕಳು

ಇಲ್ಲಿ ನಮ್ಮ ಜಿಲ್ಲೆಯ ವಿದ್ಯೆಯ ಸ್ಥಿತಿಯನ್ನು ಒಮ್ಮೆ ನೋಡಬೇಕು. ಬಾಲ್ಫರರು ಭಾರತಕ್ಕೆ ಬರುವುದಕ್ಕೆ ಹನ್ನೊಂದು ವರ್ಷ ಮೊದಲು, 1823ರ ಆಗಸ್ಟ್ ತಿಂಗಳಿನಲ್ಲಿ, ಬಳ್ಳಾರಿಯ ಕಲೆಕ್ಟರರಾದ ಎ. ಡಿ. ಕ್ಯಾಂಬೆಲ್ ಎಂಬವರು ಮದರಾಸು ಸರ್ಕಾರಕ್ಕೆ ಒಂದು ವರದಿಯನ್ನು ಕಳುಹಿಸಿದರು. ದತ್ತಮಂಡಲದಲ್ಲಿ ಹಿಂದೆ ಕಲೆಕ್ಟರರಾಗಿದ್ದು ಆಗ ಗವರ್ನರರಾಗಿದ್ದ ಥಾಮಸ್ ಮನ್ರೋ ಅವರು ಪ್ರಾಂತದ ಶಾಲೆಗಳ ಲೆಕ್ಕವನ್ನು ಕೇಳಿದ್ದರು. ಆಗಿನ ಬಳ್ಳಾರಿ ಜಿಲ್ಲೆ ಇಂದಿನ ಅನಂತಪುರದ ಕಡೆಯ ಸೀಮೆಯನ್ನೂ ಒಳಗೊಂಡ ದೊಡ್ಡ ಜಿಲ್ಲೆ, ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರು ಶಾಸ್ತ್ರವನ್ನು ಕಲಿಯುವ ಸ್ಥಳಗಳು. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮುಂತಾದುವನ್ನು ಓದುತ್ತಿದ್ದರೆಂದು ಕಲೆಕ್ಟರರು ಬರೆದಿರುವುದು ನಮಗೆ ಅಭಿಮಾನದ ಸಂಗತಿ. ಐಗಳ ಮಠಗಳ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ಕಲಿತ ನಮ್ಮ ಹಿರಿಯರ ಶಾಲೆಗಳಿವು.

ಆದರೆ ಅದೇ ವರದಿಯಲ್ಲಿ ತಲೆ ತಗ್ಗಿಸುವ ಸಂಗತಿಯೂ ಇದೆ. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ. ಒಂಬತ್ತು ಲಕ್ಷಕ್ಕೆ ಮೀರಿದ ಜನರಿದ್ದ ಜಿಲ್ಲೆಯಲ್ಲಿ ಅಕ್ಷರದ ಮುಂದೆ ಕುಳಿತ ಹುಡುಗಿಯರು ಕೇವಲ ಅರವತ್ತು! ಅಕ್ಕಮಹಾದೇವಿಯೂ ಲಕ್ಕಮ್ಮನೂ ನೀಲಮ್ಮನೂ ವಚನಗಳನ್ನು ನುಡಿದ ನಾಡಿನಲ್ಲಿ ಈ ಸ್ಥಿತಿ. ವಿಲಾಯತಿಯ ಬಟ್ಟೆಯ ಆಮದಿನಿಂದ ನೇಕಾರರು ಬಡವಾದರೆಂದೂ, ಮಕ್ಕಳನ್ನು ಓದಿಸುವ ಶಕ್ತಿ ಜನರಲ್ಲಿ ಕುಂದಿತೆಂದೂ ಕ್ಯಾಂಬೆಲ್ಲರು ಒಪ್ಪಿಕೊಂಡಿರುವುದು ನಿಜ. ಆ ಹೊಣೆ ಆಳುವವರದು. ಆದರೆ 6,641ರಲ್ಲಿ 60 ಎಂಬ ಅಂಕೆಗೆ ನಾವೂ ಹೊಣೆಗಾರರು.

ಈ ಹಿನ್ನೆಲೆಯಲ್ಲಿ ನೋಡಿದಾಗ ಬಾಲ್ಫರರ ಮುಂದಿನ ಹೆಜ್ಜೆಯ ಬೆಲೆ ತಿಳಿಯುತ್ತದೆ. 1871ರಲ್ಲಿ ಅವರು ಸರ್ಜನ್ ಜನರಲ್ ಪದವಿಗೇರಿ, ಮದರಾಸು ವೈದ್ಯ ಇಲಾಖೆಯ ಮುಖ್ಯಾಧಿಕಾರಿಗಳಾದರು. ಮದರಾಸಿನ ವೈದ್ಯಶಾಲೆಯು 1835ರಲ್ಲಿ ಹುಟ್ಟಿದುದು ಸೇನೆಯ ಅಗತ್ಯಕ್ಕಾಗಿ. ಆಸ್ಪತ್ರೆಗಳಲ್ಲಿ ಮದ್ದು ಅರೆಯುವ, ಗಾಯ ಕಟ್ಟುವ ಕೆಳದರ್ಜೆಯ ಸಹಾಯಕರನ್ನು ತಯಾರಿಸುವುದು ಅದರ ಮೊದಲ ಗುರಿ. ಮುಂದೆ ಅದು ಕಾಲೇಜಾಯಿತು. ಆದರೆ ಆ ಬಾಗಿಲು ಗಂಡಸರಿಗೆ ಮಾತ್ರ ತೆರೆದಿತ್ತು. 1872ರಲ್ಲಿ ಬಾಲ್ಫರರು ಸರ್ಕಾರಕ್ಕೆ ಬರೆದರು: ಈ ದೇಶದ ಸಂಪ್ರದಾಯದಂತೆ ಬಹುಮಂದಿ ಹೆಂಗಸರು ಗಂಡು ವೈದ್ಯರ ಬಳಿಗೆ ಬರಲಾರರು, ಆದುದರಿಂದ ಹೆಂಗಸರಿಗೇ ವೈದ್ಯವಿದ್ಯೆಯನ್ನು ಕಲಿಸಬೇಕು ಎಂಬುದು ಅವರ ಸೂಚನೆಯ ಸಾರ. ಮೂರು ವರ್ಷಗಳ ತರುವಾಯ, 1875ರಲ್ಲಿ, ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ನಾಲ್ವರು ಸ್ತ್ರೀಯರಿಗೆ ಪ್ರವೇಶ ದೊರೆಯಿತು. ಇಂಗ್ಲೆಂಡಿನಲ್ಲಿಯೇ ವೈದ್ಯವಿದ್ಯೆಗಾಗಿ ಸ್ತ್ರೀಯರು ಹೋರಾಡುತ್ತಿದ್ದ ಕಾಲವದೆಂಬುದನ್ನು ಮರೆಯಬಾರದು.

ಆ ನಾಲ್ವರಲ್ಲಿ ಒಬ್ಬರು ಮೇರಿ ಶಾರ್ಲೀಬ್. ಮದರಾಸಿನ ವಕೀಲರೊಬ್ಬರ ಪತ್ನಿ, ಮಕ್ಕಳ ತಾಯಿ. ವೈದ್ಯಸಹಾಯವಿಲ್ಲದೆ ನರಳುವ ಹೆಂಗಸರ ಸಂಕಟವನ್ನು ಕಂಡು ಈ ವಿದ್ಯೆಗೆ ಮನಸ್ಸು ಕೊಟ್ಟವರು. 1878ರಲ್ಲಿ ಮದರಾಸಿನ ಶಿಕ್ಷಣವನ್ನು ಮುಗಿಸಿ, ಮುಂದೆ ಲಂಡನ್ನಿನಲ್ಲಿ ಪದವಿ ಪಡೆದು ಮರಳಿ ಬಂದು, 1885ರಲ್ಲಿ ಮದರಾಸಿನಲ್ಲಿ ಹೆಂಗಸರಿಗಾಗಿ ಒಂದು ಆಸ್ಪತ್ರೆಯನ್ನು ತೆರೆಯಲು ಕಾರಣರಾದರು. ಅದೇ ಇಂದಿನ ಕಸ್ತೂರಬಾ ಗಾಂಧಿ ಆಸ್ಪತ್ರೆ. ಅದೇ ಕಾಲೇಜಿನಿಂದ 1912ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ವೈದ್ಯಪದವಿ ಪಡೆದು, ಸ್ತ್ರೀಕುಲದ ಉದ್ಧಾರಕ್ಕಾಗಿ ದುಡಿದುದು ಎಲ್ಲರಿಗೂ ತಿಳಿದ ವಿಷಯ. ಬಾಲ್ಫರರು 1876ರಲ್ಲಿ, ನಲವತ್ತೆರಡು ವರ್ಷಗಳ ಸೇವೆಯ ನಂತರ, ಸ್ವದೇಶಕ್ಕೆ ಮರಳಿದರು. 1889ರ ಡಿಸೆಂಬರ್ 8ರಂದು ಲಂಡನ್ನಿನಲ್ಲಿ ತೀರಿಕೊಂಡರು. ವೈದ್ಯವಿದ್ಯೆಯನ್ನು ಕಲಿಯುವ ಸ್ತ್ರೀಯರಿಗಾಗಿ ಅವರ ಹೆಸರಿನಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕವೊಂದು ಸ್ಥಾಪಿತವಾಯಿತು.

ಗುಣದ ಜೊತೆಗೆ ದೋಷ

ಸತ್ಪುರುಷರ ಚರಿತ್ರೆಯನ್ನು ಬರೆಯುವಾಗ ಗುಣಗಳನ್ನು ಮಾತ್ರ ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. ಬಾಲ್ಫರರು ಸಾಮ್ರಾಜ್ಯದ ಸೇವಕರು. ಅವರ ಲೆಕ್ಕಗಳು ಮೊದಲು ಸೈನಿಕನ ಆರೋಗ್ಯಕ್ಕಾಗಿ ಹುಟ್ಟಿದವು. ಸೈನಿಕನು ಇದ್ದುದು ಸಾಮ್ರಾಜ್ಯದ ರಕ್ಷಣೆಗಾಗಿ. 1875ರಲ್ಲಿ ಅವರು ಪ್ರಕಟಿಸಿದ ಒಂದು ಪುಸ್ತಕದ ಹೆಸರಿನಲ್ಲಿಯೇ, ನಮ್ಮ ವೈದ್ಯರಿಗೂ ಹಕೀಮರಿಗೂ ವೈದ್ಯದ ವಿಷಯದಲ್ಲಿ ತಿಳಿದಿರುವುದಾದರೂ ಏನು ಎಂಬ ಪ್ರಶ್ನೆಯಿದೆ. ಈ ಪ್ರಶ್ನೆಯ ಧಾಟಿ ನಮಗೆ ನೋವುಂಟುಮಾಡುವಂತಹುದು. ಹನ್ನೆರಡನೆಯ ಶತಮಾನದಲ್ಲಿಯೇ ವೈದ್ಯಕಾಯಕವನ್ನು ಶಿವಪೂಜೆಯನ್ನಾಗಿ ಮಾಡಿಕೊಂಡ ವೈದ್ಯ ಸಂಗಣ್ಣನವರ ಪರಂಪರೆ ನಮ್ಮದು. ನಮ್ಮ ಮಠಗಳಲ್ಲಿ ಗಿಡಮೂಲಿಕೆಯ ಔಷಧವನ್ನು ಉಚಿತವಾಗಿ ಕೊಟ್ಟ ಸ್ವಾಮಿಗಳ ನೆನಪು ಊರೂರಿನಲ್ಲಿದೆ.

ಸೂಲಗಿತ್ತಿಯ ಕೈಯನ್ನೂ ಹೀಗಳೆಯಲಾಗದು. ನಮ್ಮ ಸೀಮೆಯ ಹಾಗೆಯೇ ಬರದ ನಾಡಾದ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಆದರೂ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಬಿಡಿಕಾಸನ್ನೂ ಪಡೆಯದೆ ಮಾಡಿಸಿದರೆಂಬ ಕೀರ್ತಿ ಅವರದು. 2018ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಅವರು ಲಿಂಗೈಕ್ಯರಾದವರಂತೆ ಶಾಂತರಾಗಿ ಕಣ್ಮುಚ್ಚಿದರು. ಅಂತಹ ತಾಯಿಯ ಅನುಭವಕ್ಕೆ ಪುಸ್ತಕದ ಅರಿವೂ ಶುದ್ಧವಾದ ಔಷಧವೂ ಜೊತೆಯಾಗಿದ್ದರೆ ಇನ್ನೆಷ್ಟು ಜೀವಗಳು ಉಳಿಯುತ್ತಿದ್ದವೋ! ಅನುಭವವನ್ನು ಅಲ್ಲಗಳೆಯುವ ವಿದ್ಯೆಯೂ, ವಿದ್ಯೆಯನ್ನು ದೂರವಿಡುವ ಅನುಭವವೂ ಅಪೂರ್ಣವೇ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1875ರಲ್ಲಿ ಮದರಾಸಿನಲ್ಲಿ ತೆರೆದ ಬಾಗಿಲಿನ ಬೆಳಕು ಬಳ್ಳಾರಿಯವರೆಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಬಾಲ್ಫರರು ಹೊರಟುಹೋದ ವರ್ಷವೇ ಆರಂಭವಾದ 1876–78ರ ಘೋರ ಬರಗಾಲವು ನಮ್ಮ ಜಿಲ್ಲೆಯ ಹಳ್ಳಿಗಳನ್ನು ಬರಿದು ಮಾಡಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸು ಪ್ರಾಂತದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿಯ ದಂಡಿನ ಸೀಮೆಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದುದು 1961ರಲ್ಲಿ. ಅದೇ ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. ಈ ನಡುವೆ ನಮ್ಮ ಜನ ಸುಮ್ಮನೆ ಕುಳಿತಿರಲಿಲ್ಲ. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿ, 1945ರಲ್ಲಿ ವೀರಶೈವ ಕಾಲೇಜನ್ನು ತೆರೆದರು. ಆಳುವವರು ಕೊಟ್ಟ ವಿದ್ಯೆಗಾಗಿ ಕಾಯದೆ, ಮುಷ್ಟಿ ಧಾನ್ಯದಿಂದಲೂ ವ್ಯಾಪಾರಿಗಳ ದಾನದಿಂದಲೂ ವಿದ್ಯಾಸಂಸ್ಥೆಗಳನ್ನು ಕಟ್ಟಬಲ್ಲೆವೆಂದು ಈ ನಾಡಿನ ಸಮಾಜ ತೋರಿಸಿಕೊಟ್ಟಿತು.

ನಮ್ಮ ಪಾಲಿನ ಕೆಲಸ

ಬಾಲ್ಫರರ ಬಾಳಿನಿಂದ ಭಕ್ತಸಮಾಜವು ಕಲಿಯಬೇಕಾದುದೇನು? ಮೊದಲನೆಯದು ಲೆಕ್ಕದ ಶುದ್ಧಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಕಥೆ ಅಕ್ಕಿಗೆ ಮಾತ್ರ ಸಂಬಂಧಿಸಿದುದಲ್ಲ. ಔಷಧ ಭಂಡಾರದಲ್ಲಿ ಕುಳಿತವನು ಒಂದು ಸೀಸೆಯ ತಾರೀಖನ್ನು ನೋಡದೆ ಬಿಟ್ಟರೆ, ಒಂದು ದ್ರಾವಣದ ಪರೀಕ್ಷೆಯನ್ನು ಕಾಗದದ ಮೇಲೆ ಮಾತ್ರ ಮಾಡಿ ಮುಗಿಸಿದರೆ, ಅದರ ಬೆಲೆಯನ್ನು ತೆರುವವಳು ಎಲ್ಲಿಯೋ ಮಂಚದ ಮೇಲೆ ಮಲಗಿದ ಹಸಿಬಾಣಂತಿ. ಉಗ್ರಾಣದ ಕೆಲಸ ಕೀಳೆಂದು ಯಾರೂ ಭಾವಿಸಬಾರದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನವೂ ಪ್ರಸಾದ ಸ್ವೀಕರಿಸಿ ಓದುವುದು ಉಗ್ರಾಣದ ಎಚ್ಚರದಿಂದಲೇ ಸಾಧ್ಯವಾಗಿದೆ ಎಂಬುದನ್ನು ಅಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು ಬಲ್ಲರು.

ಎರಡನೆಯದು, ಸೇವೆ ಮುಗಿದ ಮೇಲೆ ಅರಿವನ್ನು ಹಿಂದಿರುಗಿಸುವುದು. ಇಂದು ನಮ್ಮ ದೇಶದ ಸೇನಾ ವೈದ್ಯ ದಳದಲ್ಲಿ ವೈದ್ಯರಲ್ಲದೆ, ಔಷಧ ಭಂಡಾರ, ಸಾಗಣೆ, ಆಸ್ಪತ್ರೆಯ ಆಡಳಿತಗಳನ್ನೇ ನೋಡಿಕೊಳ್ಳುವ ಅಧಿಕಾರಿಗಳೂ ಇದ್ದಾರೆ. 1943ರ ಏಪ್ರಿಲ್ 3ರಂದು ಸ್ಥಾಪಿತವಾದ ಈ ದಳದಲ್ಲಿ ಹಿಮದ ಗಡಿಗಳಿಗೂ ಮರುಭೂಮಿಗೂ ಮದ್ದನ್ನು ಕೆಡದಂತೆ ತಲಪಿಸುವ ವಿದ್ಯೆಯನ್ನು ಕಲಿತವರಿದ್ದಾರೆ. ಸೇನೆಯಿಂದ, ಆರೋಗ್ಯ ಇಲಾಖೆಯಿಂದ, ಔಷಧಾಲಯಗಳಿಂದ ನಿವೃತ್ತರಾದ ಹಳೆಯ ವಿ��್ಯಾರ್ಥಿಗಳು ನಮ್ಮ ಮಠಗಳ ಶಾಲೆಗಳಿಗೂ ಇದ್ದಾರೆ. ಪಿಂಚಣಿ ಬಂದಿತು, ಇನ್ನು ವಿಶ್ರಾಂತಿ ಎಂದು ಅವರು ಭಾವಿಸದಿರಲಿ. ವಾರಕ್ಕೆ ಎರಡು ಗಂಟೆ ಪ್ರಸಾದ ನಿಲಯದ ಮಕ್ಕಳ ಮುಂದೆ ಕುಳಿತು, ಔಷಧದ ಚೀಟಿಯನ್ನು ಓದುವುದು ಹೇಗೆ, ನೀರನ್ನು ಶುದ್ಧವಾಗಿಡುವುದು ಹೇಗೆ, ಗರ್ಭಿಣಿಯ ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಿದರೆ, ಅದಕ್ಕಿಂತ ದೊಡ್ಡ ಜ್ಞಾನದಾಸೋಹ ಯಾವುದಿದೆ?

ಮೂರನೆಯದು, ತಂದೆತಾಯಿಗಳಿಗೆ ಒಂದು ಮಾತು. ಬಾದನಹಟ್ಟಿಯಲ್ಲಾಗಲಿ ಸಿರುಗುಪ್ಪೆಯಲ್ಲಾಗಲಿ ಕುರುಗೋಡಿನಲ್ಲಾಗಲಿ, ಮಗಳು ದಾದಿಯ ವಿದ್ಯೆಯನ್ನೋ ಔಷಧಶಾಸ್ತ್ರವನ್ನೋ ವೈದ್ಯವನ್ನೋ ಕಲಿಯುತ್ತೇನೆಂದರೆ, ದೂರದ ಊರು, ಹೆಣ್ಣುಮಗಳು, ಮದುವೆಯ ವಯಸ್ಸು ಎಂಬ ಕಾರಣಗಳನ್ನು ಮುಂದೊಡ್ಡಿ ಅವಳನ್ನು ತಡೆಯದಿರಿ. ಹತ್ತನೆಯ ತರಗತಿಯ ಪುಸ್ತಕವನ್ನು ಮಡಿಚಿಟ್ಟು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ಹುಡುಗಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಒಬ್ಬಳು ನಾಳೆ ಯಾವುದೋ ತಾಯಿಯ ಮಂಚದ ಬಳಿ ನಿಂತು, ಈ ಸೀಸೆ ಸರಿಯಿಲ್ಲ, ಇದನ್ನು ಕೊಡಬೇಡಿ ಎಂದು ಹೇಳಬಲ್ಲವಳಾಗಬಹುದು. ಹಾಗೆ ಹೇಳುವುದಕ್ಕೆ ಅರಿವು ಬೇಕು. ಅರಿವಿನಿಂದ ಬರುವ ಧೈರ್ಯವೂ ಬೇಕು.

1823ರಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕುಳಿತಿದ್ದ ಆ ಅರವತ್ತು ಹುಡುಗಿಯರ ಹೆಸರುಗಳು ನಮಗೆ ಉಳಿದಿಲ್ಲ. ಅವರನ್ನು ಶಾಲೆಗೆ ಕಳುಹಿಸಿದ ತಂದೆತಾಯಿಗಳ ಹೆಸರುಗಳೂ ಉಳಿದಿಲ್ಲ. ಆದರೆ ಆ ಮನೆಗಳವರು ಆ ಕಾಲದಲ್ಲಿ ಮಾಡಿದ ಧೈರ್ಯವನ್ನು ನಾವು ಈ ಕಾಲದಲ್ಲಿ ಮಾಡದಿದ್ದರೆ, ಬಸವಣ್ಣನವರ ಹೆಸರನ್ನು ಹೇಳುವ ಹಕ್ಕು ನಮಗೆಲ್ಲಿಯದು? ಭಂಡಾರವು ಶುದ್ಧವಾಗಿರಲಿ, ಅರಿವಿನ ಬಾಗಿಲು ತೆರೆದಿರಲಿ, ನಮ್ಮ ಸೀಮೆಯ ತಾಯಂದಿರು ಕೂಸನ್ನು ಎತ್ತಿಕೊಂಡು ನಗುತ್ತ ಮನೆಗೆ ಮರಳಲಿ. ಇದೇ ನಮ್ಮ ಪ್ರಾರ್ಥನೆ, ಇದೇ ನಮ್ಮ ಕಾಯಕವೂ ಆಗಲಿ.